ಮೈಕ್ರೋವೇವ್ ಓವನ್‌ನ ವಿದ್ಯುತ್ ದೋಷಗಳು: ಪತ್ತೆಯ ಕ್ರಮ ಮತ್ತು ವರ್ತಕರ ಹೊಣೆ

ಒಂದು ಕಾಲಕ್ಕೆ ಅನುಕೂಲಸ್ಥರ ಅಡುಗೆಮನೆಗೆ ಮಾತ್ರ ಸೀಮಿತವಾಗಿದ್ದ ಮೈಕ್ರೋವೇವ್ ಓವನ್ ಇಂದು ಬೇಕರಿ, ದರ್ಶಿನಿ, ಐಸ್‌ಕ್ರೀಂ ಪಾರ್ಲರ್, ಕಚೇರಿ ಕ್ಯಾಂಟೀನ್ ಮೊದಲಾದ ಕಡೆಗಳಲ್ಲಿ ದಿನನಿತ್ಯದ ಉಪಕರಣವಾಗಿದೆ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಈ ಯಂತ್ರವನ್ನು ಮಾರುವವರಿದ್ದಾರೆ, ಬಿಡಿಭಾಗಗಳನ್ನು ತರಿಸುವವರಿದ್ದಾರೆ, ದುರಸ್ತಿ ವಿಭಾಗ ನಡೆಸುವವರಿದ್ದಾರೆ. ಇದನ್ನೇ ನಂಬಿ ಬೆಳಗಿನ ವ್ಯಾಪಾರ ಆರಂಭಿಸುವವರೂ ಇದ್ದಾರೆ. ಆದರೆ ಯಂತ್ರ ಕೆಟ್ಟು ನಿಂತಾಗ ದೋಷ ಎಲ್ಲಿದೆ ಎಂದು ಕ್ರಮಬದ್ಧವಾಗಿ ಹುಡುಕುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಈ ಲೇಖಕನ ಪರಿಚಯದ ಬೇಕರಿ ಮಾಲೀಕರೊಬ್ಬರ ಅನುಭವವನ್ನೇ ನೋಡಬಹುದು. ಅವರ ಓವನ್‌ನಲ್ಲಿ ದೀಪ ಉರಿಯುತ್ತಿತ್ತು, ತಟ್ಟೆ ತಿರುಗುತ್ತಿತ್ತು. ಪಫ್ ಮಾತ್ರ ತಣ್ಣಗೇ ಹೊರಬರುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ತೆರೆಯದೆ "ಮ್ಯಾಗ್ನೆಟ್ರಾನ್ ಹೋಗಿದೆ" ಎಂದು ತೀರ್ಮಾನಿಸಿ ಸಾವಿರಾರು ರೂಪಾಯಿಗಳ ಅಂದಾಜು ಕೊಟ್ಟರು. ಹೊಸ ಮ್ಯಾಗ್ನೆಟ್ರಾನ್ ಬಂತು, ಕೂಡಿಸಿದ್ದಾಯಿತು. ಬಿಸಿ ಮಾತ್ರ ಬರಲಿಲ್ಲ. ಎರಡನೆಯ ಮೆಕ್ಯಾನಿಕ್ ಮೀಟರ್ ಹಿಡಿದು ಒಂದೊಂದಾಗಿ ಪರೀಕ್ಷಿಸಿದಾಗ ಸಿಕ್ಕಿದ್ದು ಕೆಟ್ಟುಹೋದ ಒಂದು ಬಾಗಿಲ ಸ್ವಿಚ್ಚು. ಅದರ ಬೆಲೆ ನೂರೈವತ್ತು ರೂಪಾಯಿಯನ್ನೂ ಮುಟ್ಟಲಿಲ್ಲ. ಗ್ರಾಹಕನ ಹಣ ವ್ಯರ್ಥವಾದದ್ದು ಒಂದು ಕಡೆ. ಮೊದಲ ಅಂಗಡಿಯ ಮೇಲಿನ ವಿಶ್ವಾಸ ಹೋದದ್ದು ಇನ್ನೊಂದು ಕಡೆ.

ಹಣದ ನಷ್ಟಕ್ಕಿಂತ ದೊಡ್ಡ ಅಪಾಯವೂ ಇಲ್ಲಿದೆ. ಮನೆಬಳಕೆಯ ವಿದ್ಯುತ್ ಉಪಕರಣಗಳ ಪೈಕಿ ದುರಸ್ತಿಗಾರನ ಪ್ರಾಣಕ್ಕೆ ಅತಿ ಹೆಚ್ಚು ಅಪಾಯ ತರಬಲ್ಲವುಗಳಲ್ಲಿ ಮೈಕ್ರೋವೇವ್ ಓವನ್ ಒಂದು. ಆದ್ದರಿಂದ ದೋಷಪತ್ತೆಯ ಸರಿಯಾದ ಕ್ರಮವನ್ನೂ, ಅದಕ್ಕೆ ಸಂಬಂಧಿಸಿದ ವ್ಯಾವಹಾರಿಕ ಹೊಣೆಯನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಯಂತ್ರದ ಒಳಗೆ ಏನಿದೆ?

ಓವನ್‌ನ ಹೃದಯಭಾಗವಾದ ಮ್ಯಾಗ್ನೆಟ್ರಾನ್ ಹುಟ್ಟಿದ್ದು ಅಡುಗೆಗಾಗಿ ಅಲ್ಲ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ರೂಪಿಸಿದ ಮ್ಯಾಗ್ನೆಟ್ರಾನ್ ಯುದ್ಧಕಾಲದ ರೇಡಾರ್‌ಗಳಿಗೆ ಬಳಕೆಯಾಯಿತು. ಅದರ ಅಲೆಗಳಿಂದ ಆಹಾರವನ್ನು ಬಿಸಿಮಾಡಬಹುದೆಂದು 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಕಂಡುಕೊಂಡರು. 1947ರಲ್ಲಿ ಬಂದ ಮೊದಲ ವಾಣಿಜ್ಯ ಓವನ್ ಆಳೆತ್ತರದ್ದಾಗಿತ್ತು, ತೂಕ ಸುಮಾರು 340 ಕಿಲೋ. ಮೇಜಿನ ಮೇಲಿಡಬಹುದಾದ ಜನಪ್ರಿಯ ಮಾದರಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1967ರಲ್ಲಿ.

ಇಂದಿನ ಸಾಮಾನ್ಯ ಓವನ್‌ನಲ್ಲಿ ಎರಡು ವಿದ್ಯುತ್ ಮಂಡಲಗಳಿವೆ. ಮೊದಲನೆಯದು ನಮ್ಮ ಮನೆಯ 230 ವೋಲ್ಟಿನ ಮಂಡಲ. ಫ್ಯೂಸ್, ಥರ್ಮಲ್ ಕಟೌಟ್, ಬಾಗಿಲ ಸ್ವಿಚ್ಚುಗಳು, ರಿಲೇ, ದೀಪ, ಫ್ಯಾನ್, ತಟ್ಟೆ ತಿರುಗಿಸುವ ಮೋಟಾರು ಇವೆಲ್ಲ ಇದರಲ್ಲಿ ಸೇರಿವೆ. ಎರಡನೆಯದು ಅಧಿಕ ವೋಲ್ಟೇಜಿನ ಮಂಡಲ. ಇಲ್ಲಿ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸುಮಾರು 2000ಕ್ಕೆ ಏರಿಸುತ್ತದೆ. ಕೆಪ್ಯಾಸಿಟರ್ ಮತ್ತು ಡಯೋಡ್ ಎರಡೂ ಸೇರಿ ಅದನ್ನು ಇಮ್ಮಡಿಯಾಗಿಸಿ, ಸುಮಾರು 4000 ವೋಲ್ಟಿನಷ್ಟನ್ನು ಮ್ಯಾಗ್ನೆಟ್ರಾನ್‌ಗೆ ಒದಗಿಸುತ್ತವೆ. ಮ್ಯಾಗ್ನೆಟ್ರಾನ್ ಅದನ್ನು 2450 ಮೆಗಾಹರ್ಟ್ಸ್ ಕಂಪನದ ಅಲೆಗಳನ್ನಾಗಿ ಪರಿವರ್ತಿಸುತ್ತದೆ.

ಈ ಅಧಿಕ ವೋಲ್ಟೇಜಿನ ಮಂಡಲದ ಒಂದು ತುದಿ ಓವನ್‌ನ ಲೋಹದ ದೇಹಕ್ಕೇ ಜೋಡಣೆಯಾಗಿರುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಕಿತ್ತುಹಾಕಿ ಎರಡು ಪಿನ್ನಿನಲ್ಲಿ ಓವನ್ ನಡೆಸುವುದು ಏಕೆ ಅಪಾಯಕಾರಿ ಎಂಬುದಕ್ಕೆ ಇಲ್ಲಿಯೇ ಉತ್ತರವಿದೆ.

ಮೊದಲು ಪ್ರಾಣ, ಆಮೇಲೆ ಯಂತ್ರ

ಟಿ.ವಿ., ಮಿಕ್ಸಿ ದುರಸ್ತಿಯಲ್ಲಿ ಪಳಗಿದ ಕೈಗಳೇ ಓವನ್ ವಿಷಯದಲ್ಲಿ ಎಡವುವುದುಂಟು. ಪ್ಲಗ್ ತೆಗೆದ ನಂತರವೂ ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ನಿಧಾನವಾಗಿ ಬರಿದುಮಾಡಲು ಕೆಪ್ಯಾಸಿಟರ್ ಒಳಗೇ ಸುಮಾರು 10 ಮೆಗಾಓಮ್‌ನ ರೆಸಿಸ್ಟರ್ ಇರುತ್ತದೆ. ಅದು ಸರಿಯಿದ್ದರೆ ಒಂದು ನಿಮಿಷದೊಳಗೆ ಬಹುಪಾಲು ಖಾಲಿಯಾಗುತ್ತದೆ. ಆದರೆ ಆ ರೆಸಿಸ್ಟರೇ ಕೆಟ್ಟಿದ್ದರೆ? ಹೊರಗಿನಿಂದ ಅದನ್ನು ತಿಳಿಯುವ ಉಪಾಯವಿಲ್ಲ. ಆದ್ದರಿಂದ ಮುಚ್ಚಳ ತೆರೆಯುವ ಪ್ರತಿಯೊಬ್ಬ ತರಬೇತಾದ ಮೆಕ್ಯಾನಿಕ್ ಈ ನಿಯಮಗಳನ್ನು ತಪ್ಪದೆ ಪಾಲಿಸಬೇಕು:

1. ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆದು ಕಣ್ಣೆದುರಿಗೇ ಇಟ್ಟುಕೊಳ್ಳಬೇಕು. ಸ್ವಿಚ್ ಆರಿಸಿದರೆ ಸಾಲದು.

2. ಕೆಲವು ನಿಮಿಷ ಕಾದು, ನಂತರ ಅವಾಹಕ ಹಿಡಿಯುಳ್ಳ ಸಾಧನದಿಂದ ಕೆಪ್ಯಾಸಿಟರ್‌ನ ಎರಡು ತುದಿಗಳನ್ನು ಪರಸ್ಪರವಾಗಿಯೂ, ಪ್ರತಿಯೊಂದು ತುದಿಯನ್ನು ಓವನ್ ದೇಹಕ್ಕೂ ಜೋಡಿಸಿ ಖಾಲಿಮಾಡಬೇಕು.

3. ಅಧಿಕ ವೋಲ್ಟೇಜಿನ ಮಂಡಲದಲ್ಲಿ ಯಂತ್ರ ಚಾಲೂ ಇರುವಾಗ ಮೀಟರ್ ಇಟ್ಟು ಅಳೆಯಲೇಬಾರದು. ಸಾಮಾನ್ಯ ಮಲ್ಟಿಮೀಟರ್ ಅಷ್ಟು ವೋಲ್ಟೇಜನ್ನು ತಾಳುವುದಿಲ್ಲ. ಈ ಭಾಗದ ಎಲ್ಲ ಪರೀಕ್ಷೆಗಳನ್ನೂ ಪ್ಲಗ್ ತೆಗೆದ ಸ್ಥಿತಿಯಲ್ಲಿ ಓಮ್ ಅಳತೆಯಿಂದಲೇ ಮಾಡಬಹುದು.

4. ಒಬ್ಬನೇ ಇರುವಾಗ ಮುಚ್ಚಳ ತೆರೆಯಬಾರದು.

ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ ಬೋರ್ಡಿನಿಂದ ಅಧಿಕ ವೋಲ್ಟೇಜ್ ತಯಾರಿಸುವ ಇನ್ವರ್ಟರ್ ಮಾದರಿಗಳು ಕೂಡ ಇಷ್ಟೇ ಅಪಾಯಕಾರಿ. ಅವುಗಳ ಬೋರ್ಡನ್ನು ಬಿಚ್ಚಿ ಮೇಜಿನ ಮೇಲೆ ಪರೀಕ್ಷಿಸಲು ಹೋಗದೆ ಇಡಿಯಾಗಿ ಬದಲಿಸುವುದು ಕ್ಷೇಮ.

ದೋಷಪತ್ತೆಯ ಕ್ರಮ

ಬೆಲೆಯಿಲ್ಲದ ಕಾರಣಗಳನ್ನು ಮೊದಲು, ಅಗ್ಗದ ಬಿಡಿಭಾಗಗಳನ್ನು ನಂತರ, ದುಬಾರಿ ಭಾಗಗಳನ್ನು ಕೊನೆಗೆ ನೋಡಬೇಕೆಂಬುದು ಅನುಭವಸ್ಥರ ಸೂತ್ರ. ಗ್ರಾಹಕನ ದೂರನ್ನು ಲಕ್ಷ್ಯಗೊಟ್ಟು ಕೇಳಿದರೆ ಅರ್ಧ ಪತ್ತೆ ಅಲ್ಲಿಯೇ ಮುಗಿಯುತ್ತದೆ.

ಅ) ಯಂತ್ರಕ್ಕೆ ಜೀವವೇ ಇಲ್ಲ

ಮೊದಲು ಸಾಕೆಟ್ಟಿಗೆ ಬೇರೊಂದು ಉಪಕರಣ ಹಾಕಿ ವಿದ್ಯುತ್ ಬರುತ್ತಿದೆಯೇ ನೋಡಬೇಕು. ನಂತರ ಒಳಗಿನ ಫ್ಯೂಸ್, ಅದಾದ ಮೇಲೆ ಥರ್ಮಲ್ ಕಟೌಟ್. ತಣ್ಣಗಿರುವಾಗ ಕಟೌಟ್ ಮುಚ್ಚಿದ ಸ್ಥಿತಿಯಲ್ಲಿರಬೇಕು, ಅಂದರೆ ಮೀಟರ್ ಶೂನ್ಯ ಓಮ್ ತೋರಿಸಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಕಂಟ್ರೋಲ್ ಬೋರ್ಡನ್ನು ಅನುಮಾನಿಸಬೇಕು. ಬೇಕರಿ, ಹೋಟೆಲುಗಳಲ್ಲಿ ಬೆಚ್ಚನೆಯ ಬೋರ್ಡಿನ ಮೇಲೆ ಜಿರಳೆಗಳು ಮನೆಮಾಡಿ ಶಾರ್ಟ್ ಆಗುವುದು ಸಾಮಾನ್ಯ. ಅನೇಕ ಬಾರಿ ಬೋರ್ಡನ್ನು ಜಾಗರೂಕತೆಯಿಂದ ಶುಚಿಗೊಳಿಸಿದರೆ ಸಾಕಾಗುತ್ತದೆ.

ಆ) ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆ

ಫ್ಯೂಸ್ ಯಾವ ಕ್ಷಣದಲ್ಲಿ ಹೋಯಿತು ಎಂಬ ಒಂದು ಪ್ರಶ್ನೆ ಇಲ್ಲಿ ಬಹಳ ಮುಖ್ಯ. ಅಡುಗೆ ಆರಂಭವಾದ ಕೂಡಲೇ ಹೋದರೆ ಕೆಪ್ಯಾಸಿಟರ್, ಡಯೋಡ್, ಟ್ರಾನ್ಸ್‌ಫಾರ್ಮರ್ ಅಥವಾ ಮ್ಯಾಗ್ನೆಟ್ರಾನ್‌ನಲ್ಲಿ ಶಾರ್ಟ್ ಇರುವ ಸಂಭವ ಹೆಚ್ಚು. ಬಾಗಿಲು ತೆಗೆಯುವಾಗ ಅಥವಾ ಹಾಕುವಾಗ ಹೋದರೆ ದೋಷ ಬಹುಮಟ್ಟಿಗೆ ಬಾಗಿಲ ಸ್ವಿಚ್ಚುಗಳಲ್ಲಿದೆ.

ಇದರ ಕಾರಣ ತಿಳಿದಿರಬೇಕು. ಬಾಗಿಲಿನ ಬಳಿ ಸಾಮಾನ್ಯವಾಗಿ ಮೂರು ಸ್ವಿಚ್ಚುಗಳಿರುತ್ತವೆ. ಬಾಗಿಲು ತೆರೆದೊಡನೆ ಎರಡು ಸ್ವಿಚ್ಚುಗಳು ವಿದ್ಯುತ್ತನ್ನು ಕಡಿಯುತ್ತವೆ. ಮೂರನೆಯದು ಕಾವಲಿನ ಸ್ವಿಚ್ಚು. ಮೊದಲಿನವು ಸುಟ್ಟು ಅಂಟಿಕೊಂಡು ವಿದ್ಯುತ್ ಕಡಿಯದೆ ಹೋದಲ್ಲಿ, ಇದು ಉದ್ದೇಶಪೂರ್ವಕವಾಗಿ ಶಾರ್ಟ್ ಉಂಟುಮಾಡಿ ಫ್ಯೂಸನ್ನು ಸುಡುತ್ತದೆ. ಅಂದರೆ ಬಾಗಿಲು ತೆರೆದಿರುವಾಗ ಯಂತ್ರ ಅಲೆಗಳನ್ನು ಹೊರಸೂಸದಂತೆ ತಡೆಯಲೆಂದೇ ಈ ಫ್ಯೂಸ್ ಹೋಗುತ್ತದೆ.

"ಫ್ಯೂಸ್ ನಿಲ್ಲುತ್ತಿಲ್ಲ" ಎಂದು ದಪ್ಪ ತಂತಿ ಹಾಕುವವರು, ಕಾವಲಿನ ಸ್ವಿಚ್ಚನ್ನೇ ಬಿಚ್ಚಿ ತೆಗೆಯುವವರು ನಮ್ಮ ನಡುವೆ ಇದ್ದಾರೆ. ಇದು ಅಕ್ಷಮ್ಯ. ಆ ಯಂತ್ರ ಮುಂದೊಂದು ದಿನ ಬಾಗಿಲು ತೆರೆದಾಗಲೂ ಚಾಲೂ ಇರಬಹುದು. ಎದುರಿಗೆ ನಿಂತವರ ಕಣ್ಣು, ಕೈಗಳಿಗೆ ಅದರಿಂದ ಗಂಭೀರ ಹಾನಿಯಾಗಬಲ್ಲದು. ಇಂಥ ಸಂದರ್ಭದಲ್ಲಿ ಮೂರು ಸ್ವಿಚ್ಚುಗಳನ್ನೂ ಒಟ್ಟಿಗೆ ಬದಲಿಸಿ, ತಯಾರಕರು ಸೂಚಿಸಿದ ಆಂಪಿಯರಿನ ಸೆರಾಮಿಕ್ ಫ್ಯೂಸನ್ನೇ ಹಾಕಬೇಕು.

ಇ) ಎಲ್ಲವೂ ನಡೆಯುತ್ತದೆ, ಬಿಸಿ ಮಾತ್ರ ಇಲ್ಲ

ಅತಿ ಹೆಚ್ಚು ತಪ್ಪು ತೀರ್ಮಾನಗಳಾಗುವುದು ಈ ದೂರಿನಲ್ಲಿ. ಇಲ್ಲಿ ಕಿವಿಯೇ ಮೊದಲ ಮೀಟರ್. ಓವನ್ ಚಾಲೂ ಆದಾಗ ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗುಡುವ ಸದ್ದು ಕೇಳಿಸದೇ ಇದ್ದರೆ ಅದಕ್ಕೆ ವಿದ್ಯುತ್ತೇ ತಲುಪುತ್ತಿಲ್ಲ ಎಂದು ಊಹಿಸಬಹುದು. ಬಾಗಿಲ ಸ್ವಿಚ್ಚು, ರಿಲೇ ಮತ್ತು ಅವುಗಳ ನಡುವಿನ ತಂತಿಗಳನ್ನು ನೋಡಬೇಕು. ಎಂದಿಗಿಂತ ಜೋರಾದ, ಭಾರವಾದ ಸದ್ದು ಬಂದರೆ ಡಯೋಡ್ ಅಥವಾ ಕೆಪ್ಯಾಸಿಟರ್ ಶಾರ್ಟ್ ಆಗಿರುವ ಸಂಭವವಿದೆ. ಸದ್ದು ಎಂದಿನಂತಿದ್ದೂ ಬಿಸಿ ಇಲ್ಲದಿದ್ದರೆ ಡಯೋಡ್ ತುಂಡಾಗಿದೆಯೇ, ಮ್ಯಾಗ್ನೆಟ್ರಾನ್ ಕೆಟ್ಟಿದೆಯೇ ಎಂದು ನೋಡಬೇಕು.

ಮುಂದಿನ ಅಳತೆಗಳನ್ನು ಪ್ಲಗ್ ತೆಗೆದು, ಕೆಪ್ಯಾಸಿಟರ್ ಖಾಲಿಮಾಡಿ, ಆಯಾ ಭಾಗದ ತಂತಿಗಳನ್ನು ಬಿಡಿಸಿ ಮಾಡಬೇಕು:

— ಮ್ಯಾಗ್ನೆಟ್ರಾನ್: ಎರಡು ತುದಿಗಳ ನಡುವೆ 1 ಓಮ್‌ಗಿಂತ ಕಡಿಮೆ ಇರಬೇಕು, ತುದಿಗೂ ದೇಹಕ್ಕೂ ನಡುವೆ ಯಾವ ಸಂಪರ್ಕವೂ ಕಾಣಬಾರದು.

— ಟ್ರಾನ್ಸ್‌ಫಾರ್ಮರ್: ಪ್ರೈಮರಿ ಸುರುಳಿಯಲ್ಲಿ ಒಂದೆರಡು ಓಮ್, ಅಧಿಕ ವೋಲ್ಟೇಜಿನ ತುದಿಗೂ ದೇಹಕ್ಕೂ ನಡುವೆ ನೂರು ಓಮ್‌ನ ಆಸುಪಾಸು. ಪ್ರೈಮರಿಗೂ ದೇಹಕ್ಕೂ ಸಂಪರ್ಕವಿರಬಾರದು.

— ಕೆಪ್ಯಾಸಿಟರ್: ತುದಿಗಳ ನಡುವೆ ಸುಮಾರು 10 ಮೆಗಾಓಮ್, ತುದಿಗೂ ಹೊರಕವಚಕ್ಕೂ ಸಂಪರ್ಕವಿರಬಾರದು.

— ಡಯೋಡ್: ಸಾಮಾನ್ಯ ಮೀಟರ್ ಇದನ್ನು ಎರಡೂ ದಿಕ್ಕಿನಲ್ಲಿ ತುಂಡಾಗಿರುವಂತೆ ತೋರಿಸುತ್ತದೆ. ಇದನ್ನು ನಂಬಿ ಒಳ್ಳೆಯ ಡಯೋಡನ್ನು ಎಸೆಯುವವರು ಅನೇಕರು. 9 ವೋಲ್ಟಿನ ಬ್ಯಾಟರಿಯನ್ನು ಸರಣಿಯಲ್ಲಿ ಸೇರಿಸಿ ಮೀಟರಿನ ಡಿ.ಸಿ. ವೋಲ್ಟ್ ಅಳತೆಯಲ್ಲಿ ನೋಡಿದರೆ, ಸರಿಯಿರುವ ಡಯೋಡ್ ಒಂದು ದಿಕ್ಕಿನಲ್ಲಿ ಮಾತ್ರ ವೋಲ್ಟೇಜ್ ತೋರಿಸುತ್ತದೆ.

ಮ್ಯಾಗ್ನೆಟ್ರಾನ್ ಕೆಟ್ಟಿದೆ ಎನ್ನುವ ಮೊದಲು ಅದರ ತುದಿಗಳಿಗೆ ಸಿಕ್ಕಿಸಿರುವ ಕನೆಕ್ಟರುಗಳನ್ನು ನೋಡುವುದು ಅವಶ್ಯ. ಅದರ ಫಿಲಮೆಂಟ್ ಸುಮಾರು 10 ಆಂಪಿಯರ್ ಎಳೆಯುತ್ತದೆ. ಕನೆಕ್ಟರ್ ಸ್ವಲ್ಪ ಸಡಿಲವಾದರೂ ಕಾದು ಕಪ್ಪಾಗಿ ಸಂಪರ್ಕ ತಪ್ಪುತ್ತದೆ. ಕೆಲವು ರೂಪಾಯಿಗಳ ಕನೆಕ್ಟರ್ ಬದಲಿಸಿದರೆ ಯಂತ್ರ ಮತ್ತೆ ಕೆಲಸ ಮಾಡುತ್ತದೆ.

ಈ) ಸ್ವಲ್ಪ ಹೊತ್ತು ನಡೆದು ನಿಂತುಹೋಗುತ್ತದೆ

ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಚಾಲೂ ಆಗುವುದಾದರೆ ಥರ್ಮಲ್ ಕಟೌಟ್ ತನ್ನ ಕರ್ತವ್ಯ ನಿರ್ವಹಿಸುತ್ತಿದೆ ಎಂದರ್ಥ. ಫ್ಯಾನಿಗೆ ಎಣ್ಣೆಜಿಡ್ಡು, ಮೈದಾ ಧೂಳು ಹಿಡಿದಿರಬಹುದು. ಗೋಡೆಗೆ ಒತ್ತಿ ಇಟ್ಟದ್ದರಿಂದ ಗಾಳಿಕಿಂಡಿ ಮುಚ್ಚಿರಬಹುದು. ಕಟೌಟನ್ನು ತಂತಿಯಿಂದ ಬೈಪಾಸ್ ಮಾಡುವುದು ಪರಿಹಾರವಲ್ಲ. ಮುಂದಿನ ಬಲಿ ಮ್ಯಾಗ್ನೆಟ್ರಾನೇ ಆಗುತ್ತದೆ.

ಉ) ಒಳಗೆ ಕಿಡಿ ಹಾರುತ್ತದೆ

ಒಳಗೋಡೆಯಲ್ಲಿ ಅಲೆಗಳು ಬರುವ ಕಿಂಡಿಗೆ ಹೊದಿಸಿರುವ ಅಭ್ರಕದ ಹಾಳೆಗೆ ಜಿಡ್ಡು ಹಿಡಿದು ಸುಟ್ಟಾಗ ಹೀಗಾಗುತ್ತದೆ. ಹೊಸ ಹಾಳೆಯನ್ನು ಅಳತೆಗೆ ಕತ್ತರಿಸಿ ಹಾಕಬಹುದು. ಇದು ವಿದ್ಯುತ್ ದೋಷದಂತೆ ಕಾಣುವ ಶುಚಿತ್ವದ ದೋಷ.

ಊ) ಬಿಸಿ ಸಾಲದು

ಇದಕ್ಕೆ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಮೈಕ್ರೋವೇವ್‌ಗೆ ಯೋಗ್ಯವಾದ ಪಾತ್ರೆಯಲ್ಲಿ 1 ಲೀಟರ್ ನೀರಿಟ್ಟು ಉಷ್ಣತೆ ಅಳೆಯಬೇಕು. ಪೂರ್ಣ ಶಕ್ತಿಯಲ್ಲಿ ಸರಿಯಾಗಿ 60 ಸೆಕೆಂಡು ಬಿಸಿಮಾಡಿ, ಕಲಕಿ, ಮತ್ತೆ ಅಳೆಯಬೇಕು. ಏರಿದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 70 ವಾಟ್ ಎಂದು ಲೆಕ್ಕ ಹಿಡಿಯಬಹುದು. 10 ಡಿಗ್ರಿ ಏರಿದರೆ ಓವನ್ ಸುಮಾರು 700 ವಾಟ್ ಕೊಡುತ್ತಿದೆ. 800 ವಾಟಿನ ಯಂತ್ರ 400 ವಾಟ್ ಮಾತ್ರ ಕೊಟ್ಟರೆ ಮ್ಯಾಗ್ನೆಟ್ರಾನ್ ಸವೆದಿರಬಹುದು. ಆದರೆ ಅದಕ್ಕೂ ಮೊದಲು ಸಾಕೆಟ್ಟಿನಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ನೋಡಬೇಕು. ವೋಲ್ಟೇಜ್ ಕುಸಿದರೆ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಮಾದರಿಯ ಓವನ್‌ನ ಶಕ್ತಿಯೂ ಕುಸಿಯುತ್ತದೆ. ಸಂಜೆಯ ಹೊತ್ತು ಮಾತ್ರ ಬರುವ ದೂರಿಗೆ ಕಾರಣ ಬಹುಶಃ ಯಂತ್ರದಲ್ಲಿಲ್ಲ, ತಂತಿಯಲ್ಲಿದೆ.

ಅಮೆರಿಕದಿಂದ ಬಂದ ಓವನ್‌ಗಳು

ವಿದೇಶದಲ್ಲಿದ್ದು ಊರಿಗೆ ಮರಳುವ ನಮ್ಮವರು ಸಾಮಾನಿನೊಡನೆ ಓವನ್ ತರುವುದುಂಟು. ಅಮೆರಿಕದಲ್ಲಿ ಒಲೆಯ ಮೇಲ್ಭಾಗದ ಕಪಾಟಿಗೆ ತೂಗುಹಾಕುವ ಮಾದರಿ ಬಹಳ ಪ್ರಚಾರದಲ್ಲಿದೆ. ಕೆಳಗಿನ ಒಲೆಯ ಹೊಗೆ, ಆವಿಯನ್ನು ಹೀರುವ ಫ್ಯಾನ್ ಕೂಡ ಅದರಲ್ಲಿಯೇ ಅಡಕವಾಗಿದೆ. ಒಲೆಯ ಬಿಸಿ ಹೆಚ್ಚಾದರೆ ಆ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ. ಇದು ದೋಷವಲ್ಲ, ರಕ್ಷಣಾ ವ್ಯವಸ್ಥೆ. ಆದರೆ ಕೆಳಗಿನಿಂದ ಸತತವಾಗಿ ಏರುವ ಬಿಸಿ ಮತ್ತು ಜಿಡ್ಡಿನ ಕಾರಣದಿಂದ ಥರ್ಮಲ್ ಕಟೌಟ್ ಹಾಗೂ ಗುಂಡಿಗಳ ಫಲಕದ ದೋಷಗಳು ಈ ಮಾದರಿಯಲ್ಲಿ ಹೆಚ್ಚು. ಗೋಡೆಯಿಂದ ಇಳಿಸದೆ ದುರಸ್ತಿ ಮಾಡುವುದು ಕಷ್ಟ. ಭಾರವಾದ್ದರಿಂದ ಇಳಿಸಲು ಇಬ್ಬರು ಬೇಕು.

ನಮ್ಮಲ್ಲಿ ಇದರ ನಿಜವಾದ ತೊಡಕು ವಿದ್ಯುತ್ತಿನದು. ಅಲ್ಲಿನ ಪೂರೈಕೆ 120 ವೋಲ್ಟ್, 60 ಹರ್ಟ್ಸ್. ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ರಚಿಸಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ನಡೆದರೆ ಅದರ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹ ಶೇ. 20ರಷ್ಟು ಹೆಚ್ಚುತ್ತದೆ, ತಿರುಳು ಅತಿಯಾಗಿ ಕಾಯುತ್ತದೆ, ಸುರುಳಿ ಸುಡುತ್ತದೆ. ಪೂರೈಕೆಯ ಹರ್ಟ್ಸನ್ನೇ ಎಣಿಸಿ ಸಮಯ ಅಳೆಯುವ ಮಾದರಿಯಾದರೆ 10 ನಿಮಿಷದ ಅಡುಗೆ 12 ನಿಮಿಷವಾಗುತ್ತದೆ. ಇಂಥ ಯಂತ್ರ ದುರಸ್ತಿಗೆ ಬಂದಾಗ ಸುಟ್ಟ ಭಾಗ ಬದಲಿಸಿಕೊಟ್ಟು ಹಣ ಪಡೆಯುವುದಕ್ಕಿಂತ, ಅದು ಇಲ್ಲಿಗೆ ಹೊಂದುವುದಿಲ್ಲವೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸುವುದೇ ಧರ್ಮ.

ಅಂಗಡಿಯಲ್ಲಿ ಅಳವಡಿಸುವಾಗ

800 ವಾಟ್ ಎಂದು ಬರೆದಿರುವುದು ಆಹಾರಕ್ಕೆ ತಲುಪುವ ಶಕ್ತಿ. ಯಂತ್ರ ಎಳೆಯುವುದು ಸುಮಾರು 1200ರಿಂದ 1300 ವಾಟ್. ಗ್ರಿಲ್, ಕನ್ವೆಕ್ಷನ್ ಇರುವ ಮಾದರಿಗಳು 2000 ವಾಟ್ ದಾಟುವುದುಂಟು. ಆದ್ದರಿಂದ ಇದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಇರಬೇಕು. ಫ್ರಿಜ್, ಕಾಫಿ ಯಂತ್ರ, ಓವನ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ ಪದ್ಧತಿಯಿಂದ ಸಾಕೆಟ್ ಕರಗಿ ಬೆಂಕಿಯ ಅನಾಹುತ ಸಂಭವಿಸಬಹುದು. ಅರ್ಥಿಂಗ್ ಇದೆಯೇ ಎಂಬುದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಅವರಿಂದ ಪರೀಕ್ಷಿಸಿಕೊಳ್ಳಬೇಕು. ಮನೆಬಳಕೆಯ ಮಾದರಿಯನ್ನು ಬೇಕರಿಯಲ್ಲಿ ದಿನವಿಡೀ ನಡೆಸಿದರೆ ಬೇಗ ಸವೆಯುವುದಲ್ಲದೆ, ಸಾಮಾನ್ಯವಾಗಿ ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಮಾರುವಾಗಲೇ ತಿಳಿಸುವುದು ಮುಂದಿನ ವಾಗ್ವಾದವನ್ನು ತಪ್ಪಿಸುತ್ತದೆ.

ಕಾನೂನು ಮತ್ತು ವ್ಯವಹಾರ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನದಿಂದಾಗುವ ಹಾನಿಯ ಹೊಣೆಯನ್ನು ತಯಾರಕರ ಮೇಲೆ ಮಾತ್ರವಲ್ಲದೆ, ನಿರ್ದಿಷ್ಟ ಸಂದರ್ಭಗಳಲ್ಲಿ ಮಾರಾಟಗಾರರು ಹಾಗೂ ದುರಸ್ತಿ ಸೇವೆ ನೀಡುವವರ ಮೇಲೂ ಹೊರಿಸಿದೆ. ದೋಷಪೂರಿತ ಸೇವೆ, ನಿರ್ಲಕ್ಷ್ಯ, ಅಗತ್ಯ ಎಚ್ಚರಿಕೆ ನೀಡದಿರುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಕಾವಲಿನ ಸ್ವಿಚ್ಚು ಕಿತ್ತ ಓವನ್‌ನಿಂದ ಯಾರಿಗಾದರೂ ಹಾನಿಯಾದರೆ, ಕಿತ್ತ ಅಂಗಡಿ ತಾನು ನಿರಪರಾಧಿ ಎನ್ನುವಂತಿಲ್ಲ.

ಮೈಕ್ರೋವೇವ್ ಓವನ್‌ಗಳು ಕೇಂದ್ರ ಸರ್ಕಾರದ 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲಿಯೇ ಸೇರಿದ್ದವು. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ಸಂಖ್ಯೆಗಳಿಲ್ಲದ ಯಂತ್ರವನ್ನು ಅಗ್ಗವೆಂದು ತರಿಸುವುದು ವರ್ತಕರಿಗೆ ಶ್ರೇಯಸ್ಕರವಲ್ಲ. ಇನ್ನು ದುರಸ್ತಿಯ ಮಾಹಿತಿ ಮತ್ತು ಬಿಡಿಭಾಗಗಳು ಗ್ರಾಹಕರಿಗೆ ಸುಲಭವಾಗಿ ದೊರೆಯಲೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿದೆ. ದುರಸ್ತಿ ವ್ಯವಹಾರಕ್ಕೆ ಇದೊಂದು ಅವಕಾಶವೂ ಹೌದು.

ದುರಸ್ತಿ ವಿಭಾಗ ನಡೆಸುವ ಸದಸ್ಯರಿಗೆ ನಮ್ಮ ಸಲಹೆಗಳಿಷ್ಟು. ಬಾಗಿಲ ಸ್ವಿಚ್ಚು, ಸೆರಾಮಿಕ್ ಫ್ಯೂಸ್, ಥರ್ಮಲ್ ಕಟೌಟ್, ಡಯೋಡ್, ಕನೆಕ್ಟರ್, ಅಭ್ರಕದ ಹಾಳೆಗಳನ್ನು ಸದಾ ದಾಸ್ತಾನಿನಲ್ಲಿಡಬೇಕು. ಇವುಗಳಿಗೆ ತೊಡಗುವ ಬಂಡವಾಳ ಅಲ್ಪ. ಪ್ರತಿ ಯಂತ್ರಕ್ಕೂ ಒಂದು ಚೀಟಿ ಇಟ್ಟು ಗ್ರಾಹಕರ ದೂರು, ಮೀಟರಿನ ಅಳತೆ, ಬದಲಿಸಿದ ಭಾಗ, ದುರಸ್ತಿಯ ನಂತರದ ನೀರಿನ ಪರೀಕ್ಷೆಯ ಫಲಿತಾಂಶಗಳನ್ನು ಬರೆದಿಡಬೇಕು. ತೆಗೆದ ಹಳೆಯ ಭಾಗವನ್ನು ಗ್ರಾಹಕರಿಗೆ ತೋರಿಸಬೇಕು. ಬಾಗಿಲು ಸೊಟ್ಟಗಾಗಿದ್ದರೆ, ಅದರ ಅಂಚು ಸುಟ್ಟಿದ್ದರೆ ಅಂಥ ಯಂತ್ರವನ್ನು ಚಾಲೂ ಮಾಡಿಕೊಡಲು ಒಪ್ಪಬಾರದು.

ದುರಸ್ತಿಗೆ ಬರುವ ಗ್ರಾಹಕರಿಗೆ ಯಂತ್ರದ ಒಳಗು ತಿಳಿದಿರುವುದಿಲ್ಲ. ಅಂಗಡಿಯವರ ಮಾತನ್ನೇ ನಂಬಿ ಹಣ ಕೊಡುತ್ತಾರೆ. ಮುಂದಿನ ಸಲ "ಬಿಸಿ ಆಗುತ್ತಿಲ್ಲ" ಎಂಬ ದೂರಿನೊಂದಿಗೆ ಓವನ್ ಒಂದು ನಿಮ್ಮ ಕೌಂಟರಿಗೆ ಬಂದಾಗ, ಅಂದಾಜುಪಟ್ಟಿ ಬರೆಯುವ ಮೊದಲು ಬಾಗಿಲ ಸ್ವಿಚ್ಚನ್ನು ಪರೀಕ್ಷಿಸುವಂತೆ ನಿಮ್ಮ ಮೆಕ್ಯಾನಿಕ್‌ಗೆ ಸೂಚಿಸಿರಿ. ಅದಕ್ಕೂ ಮೊದಲು, ಪ್ಲಗ್ ತೆಗೆದಿದ್ದಾರೆಯೇ, ಕೆಪ್ಯಾಸಿಟರ್ ಖಾಲಿಮಾಡಿದ್ದಾರೆಯೇ ಎಂದು ವಿಚಾರಿಸಿರಿ.